ತೋಳಿಗೆ ಅಂಟಿಸಿಕೊಂಡ ಶುಗರ್ ಸೆನ್ಸರ್: 14 ದಿನ, 5 ಸಾವಿರ ರೂಪಾಯಿ, ಒಂದು ಕಳ್ಳಾಟ

ನಾನು ದಾವಣಗೆರೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಮೇಡಂ. ವಯಸ್ಸು 52. ಶುಗರ್ ಬಂದು 9 ವರ್ಷ ಆಯಿತು. 'ಪರೀಕ್ಷೆ ಹಿಂದಿನ ರಾತ್ರಿ ಪುಸ್ತಕ ತೆಗೆದ್ರೆ ಏನ್ ಬರುತ್ತೋ ನಿಂಗೆ' ಅಂತ ಹತ್ತನೇ ಕ್ಲಾಸಿನ ಹುಡುಗರನ್ನು ಇಪ್ಪತ್ತೈದು ವರ್ಷದಿಂದ ಬೈಯುತ್ತಾ ಬಂದವಳು. ಆದರೆ ಲ್ಯಾಬಿಗೆ ರಕ್ತ ಕೊಡುವ ಮುಂಚಿನ ಐದು ದಿನ ಮಾತ್ರ ನಾನು ವಾಕಿಂಗ್ ಹೋಗುತ್ತಿದ್ದೆ. ಆ ಐದು ದಿನ ಅನ್ನ ಇಲ್ಲ, ಬಿಸ್ಕತ್ ಇಲ್ಲ, ಮಾತ್ರೆ ತಪ್ಪುವುದಿಲ್ಲ. ಊಟ ಆದ ಮೇಲಿನ ಟೆಸ್ಟಿಗೆ ಎರಡೇ ಇಡ್ಲಿ, ಅದೂ ಚಟ್ನಿ ಜೊತೆ. ರಕ್ತ ಕೊಟ್ಟು ಹತ್ತಿ ಒತ್ತಿಕೊಂಡು ಹೊರಗೆ ಬಂದ ತಕ್ಷಣ ಎದುರಿನ ಹೋಟೆಲ್ಲಿನಲ್ಲಿ ಒಂದು ಸ್ಟ್ರಾಂಗ್ ಕಾಫಿ, ಸಕ್ಕರೆ ಹಾಕಿದ್ದೇ. ಪರೀಕ್ಷೆ ಮುಗಿಯಿತಲ್ವಾ.

ಇಷ್ಟು ಹೇಳದೆ, ತೋಳಿಗೆ ಅಂಟಿಕೊಂಡು 14 ದಿನ ಹಗಲೂ ರಾತ್ರಿ ಸಕ್ಕರೆ ಅಳೆಯುವ ಈ ಸೆನ್ಸರ್ ಬಗ್ಗೆ ಬರೆದರೆ ಸುಮ್ನೆ ಜಾಹೀರಾತು ಆಗುತ್ತದೆ.

ಕಳೆದ ನವೆಂಬರ್‌ನಲ್ಲಿ ರಿಪೋರ್ಟ್ ಬಂತು. ಫಾಸ್ಟಿಂಗ್ 112. ಊಟದ ನಂತರ 148. ನಾನು ಡಾಕ್ಟರ ಮುಂದೆ ಫಸ್ಟ್ ರ‍್ಯಾಂಕ್ ಬಂದವಳ ಹಾಗೆ ಕೂತಿದ್ದೆ. ಅವರು ಮೂರನೇ ಸಾಲಿಗೆ ಬಂದರು. ಎಚ್‌ಬಿಎ1ಸಿ 8.1. ಅದನ್ನೇ ನಾವು ಮೂರು ತಿಂಗಳ ಟೆಸ್ಟ್ ಅನ್ನುವುದು. ಕೆಂಪು ರಕ್ತಕಣ ಸುಮಾರು 120 ದಿನ ಬದುಕಿರುತ್ತದೆ. ಅಷ್ಟು ದಿನವೂ ರಕ್ತದಲ್ಲಿರುವ ಸಕ್ಕರೆ ಅದಕ್ಕೆ ಮೆತ್ತಿಕೊಳ್ಳುತ್ತಾ ಹೋಗುತ್ತದೆ. ಆ ಅಂಟನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಗೊತ್ತಾಗುತ್ತದೆ. 8.1 ಅನ್ನು 28.7ರಿಂದ ಗುಣಿಸಿ 46.7 ಕಳೆಯಿರಿ. 186 ಬರುತ್ತದೆ. ಫಾಸ್ಟಿಂಗ್ 112, ಊಟದ ನಂತರ 148 ಇರುವವಳ ಸರಾಸರಿ 186 ಹೇಗೆ ಬಂತು? ಲೆಕ್ಕ ನನ್ನದೇ ಸಬ್ಜೆಕ್ಟು, ಬಾಯಿ ಬಿಡಲಿಲ್ಲ.

'ಮೇಡಂ, ಒಂದು ಸಲ ಸೆನ್ಸರ್ ಹಾಕಿ ನೋಡೋಣ' ಅಂದರು ಡಾಕ್ಟರ್. ಬೆಂಗಳೂರಿನಲ್ಲಿರುವ ಮಗಳು ಅವತ್ತು ರಾತ್ರಿಯೇ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿಬಿಟ್ಟಳು. ಬಿದ್ದದ್ದು 5 ಸಾವಿರಕ್ಕೆ ಸ್ವಲ್ಪ ಕಡಿಮೆ. ಕಂಪನಿ ಹೆಸರು ಹೇಳುವುದಿಲ್ಲ. ನನ್ನದು ಫೋನನ್ನು ತೋಳಿನ ಹತ್ತಿರ ಹಿಡಿದು ಸ್ಕ್ಯಾನ್ ಮಾಡುವ ಮಾದರಿ. ಸ್ಕ್ಯಾನ್ ಮಾಡದೆಯೇ ಫೋನಿಗೆ ತಾನಾಗಿ ಕಳಿಸುವ, ಸಕ್ಕರೆ ಇಳಿದರೆ ಕೂಗುವ ಮಾದರಿಗಳೂ ಇವೆ.

ಡಬ್ಬಿ ಬಿಚ್ಚಿದರೆ ಬಿಳೀ ಪ್ಲಾಸ್ಟಿಕ್ ಬಿಲ್ಲೆ. 10 ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಹೊಡೆಯಲು ಒಂದು ಮುದ್ರೆಯಂಥ ಸಾಧನ. ತೋಳಿನ ಹಿಂಭಾಗ ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿಸಿ, ಒತ್ತಿದರೆ 'ಟಪ್' ಅಂತ ಸದ್ದು. ಅಷ್ಟೇ. ಸೂಜಿ ಒಳಗೆ ಹೋಗಿ ವಾಪಸ್ ಬರುತ್ತದೆ. ಚರ್ಮದ ಕೆಳಗೆ ಉಳಿಯುವುದು ಕೂದಲಿನಂಥ ಒಂದು ಎಳೆ, ಅರ್ಧ ಸೆಂಟಿಮೀಟರ್ ಇದ್ದೀತು. ಗುಂಡುಪಿನ್ನು ತಾಗಿದಷ್ಟೂ ನೋವಾಗಲಿಲ್ಲ. ಒಂದು ಗಂಟೆ ಕಾದ ಮೇಲೆ ಮೊದಲ ಅಂಕಿ ಬರುತ್ತದೆ.

ಈಗ ಹೆಂಗಸರಿಗೆ ಮಾತ್ರ ಒಂದು ಮಾತು. ಬಿಲ್ಲೆ ಕೂರಬೇಕಾದ ಜಾಗ ಸರಿಯಾಗಿ ರವಿಕೆ ತೋಳಿನ ಅಂಚು ಬರುವ ಜಾಗ. ಇದನ್ನು ಡಬ್ಬಿ ಮೇಲೆ ಯಾರೂ ಬರೆದಿಲ್ಲ. ವಿಡಿಯೋದಲ್ಲಿ ತೋರಿಸುವವರೆಲ್ಲ ಟೀ ಶರ್ಟ್ ಹಾಕಿರುತ್ತಾರೆ. ನನ್ನ ರವಿಕೆಗಳೆಲ್ಲ ಟೈಟು. ಹಾಕುವಾಗ ಒಮ್ಮೆ, ಬಿಚ್ಚುವಾಗ ಒಮ್ಮೆ ಅಂಚು ಬಿಲ್ಲೆಗೆ ಸಿಕ್ಕಿ ಜೀವ ಹೋದ ಹಾಗಾಗುತ್ತಿತ್ತು. ಎರಡನೇ ದಿನವೇ ನಾಲ್ಕು ರವಿಕೆಗಳ ತೋಳಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡೆ. ನೀವು ಅಂಟಿಸಿಕೊಳ್ಳುವ ಮುಂಚೆ ರವಿಕೆ ಹಾಕಿಕೊಂಡು ಅಂಚಿಗೆ ಪೆನ್ನಿನಲ್ಲಿ ಗುರುತು ಮಾಡಿಕೊಳ್ಳಿ. ಗುರುತಿನಿಂದ ಎರಡು ಬೆರಳು ದೂರ ಇರಲಿ. ಇನ್ನೊಂದು, ಎಣ್ಣೆ ಸ್ನಾನ ಬೇಡ. ನೀರಿಗೆ ಏನೂ ಆಗುವುದಿಲ್ಲ. ಎಣ್ಣೆಗೆ ಅಂಟು ಬಿಡುತ್ತದೆ. 11ನೇ ದಿನ ನನ್ನದು ಅರ್ಧ ಎದ್ದು ನಿಂತಿತ್ತು. ಮೆಡಿಕಲ್ ಶಾಪಿನ ಪ್ಲಾಸ್ಟರ್ ಸುತ್ತಿ ಉಳಿಸಿಕೊಂಡೆ. ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ ಕನ್ನಡ ಬರುವವರು ಸಿಗಲಿಲ್ಲ. ಆ್ಯಪ್‌ನಲ್ಲೂ ಕನ್ನಡ ಕಾಣಲಿಲ್ಲ. ನನಗೆ ನಡೆಯಿತು. ನಮ್ಮತ್ತೆಗೂ ಶುಗರ್ ಇದೆ, ಅವರಿಗೆ ನಡೆಯುವುದಿಲ್ಲ.

ಅಂಕಿ ಎಷ್ಟು ಸರಿ ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಇದು ರಕ್ತವನ್ನು ಅಳೆಯುವುದಿಲ್ಲ. ಜೀವಕೋಶಗಳ ನಡುವಿನ ದ್ರವದಲ್ಲಿರುವ ಸಕ್ಕರೆಯನ್ನು ಅಳೆಯುತ್ತದೆ. ರಕ್ತದಲ್ಲಿ ಏರಿದ್ದು ಅಲ್ಲಿಗೆ ತಲುಪಲು ಐದು ಹತ್ತು ನಿಮಿಷ ಬೇಕು. ಮೊದಲ ದಿನ ಅಂಕಿ ಸ್ವಲ್ಪ ಅತ್ತಿತ್ತ. ಆಮೇಲೆ ನನ್ನ ಹಳೇ ಗ್ಲುಕೋಮೀಟರ್‌ಗೆ ಹೋಲಿಸಿದರೆ ಹತ್ತು ಹದಿನೈದು ಪಾಯಿಂಟ್ ವ್ಯತ್ಯಾಸ, ಅಷ್ಟೇ. ಒಂದು ರಾತ್ರಿ ಮಾತ್ರ ಹೆದರಿಸಿಬಿಟ್ಟಿತು. ಎರಡು ಗಂಟೆಗೆ ಎಚ್ಚರವಾಗಿ ಸ್ಕ್ಯಾನ್ ಮಾಡಿದರೆ 61. ಎದೆ ಧಸಕ್ಕೆಂದಿತು. ಕತ್ತಲಲ್ಲೇ ಅಡುಗೆಮನೆಗೆ ಹೋಗಿ ನಾಲ್ಕು ಬಿಸ್ಕತ್ ಮುಕ್ಕಿದೆ. ಆಮೇಲೆ ಬುದ್ಧಿ ಬಂದು ಬೆರಳು ಚುಚ್ಚಿದರೆ 124. ಬಿಸ್ಕತ್ ಅಷ್ಟು ಬೇಗ ಅಷ್ಟು ಏರಿಸಲಾರದು. ನಾನು ಎಡ ಮಗ್ಗುಲಿಗೆ, ಸೆನ್ಸರ್ ಮೇಲೆಯೇ ಮಲಗಿದ್ದೆ. ಒತ್ತಿದ ಜಾಗದಲ್ಲಿ ಅಂಕಿ ಸುಳ್ಳೇ ಇಳಿಯುತ್ತದೆ. ಮೈಗೆ ಅನ್ನಿಸುವುದಕ್ಕೂ ಅಂಕಿಗೂ ತಾಳೆ ಬರದಿದ್ದರೆ ಬೆರಳು ಚುಚ್ಚಿ ನೋಡಿ ಅಂತ ಒಳಗಿನ ಹಾಳೆಯಲ್ಲಿ ಬರೆದೇ ಇತ್ತು. ಓದಿರಲಿಲ್ಲ.

ಸರಿ, ಯಂತ್ರದ ಮಾತು ಸಾಕು.

ನಮ್ಮೂರಲ್ಲಿ ಸಂಜೆ ಅಂದರೆ ಮಂಡಕ್ಕಿ. ಬಾಣಲೆಯಿಂದ ಇಳಿದ ಮೆಣಸಿನಕಾಯಿ ಜೊತೆಗೆ. ನಾನು ಮೆಣಸಿನಕಾಯಿ ಬಿಟ್ಟು ಎಷ್ಟೋ ವರ್ಷ ಆಯಿತು, ಎಣ್ಣೆ ಅಂತ. ಮಂಡಕ್ಕಿ ಬಿಟ್ಟಿರಲಿಲ್ಲ. ಅದರಲ್ಲಿ ಏನಿದೆ, ಗಾಳಿ ತಾನೇ? ಒಂದು ದೊಡ್ಡ ಬಟ್ಟಲು ತಿಂದರೂ ಹೊಟ್ಟೆ ಭಾರ ಆಗುವುದಿಲ್ಲ. ಸ್ಕೂಲಿಂದ ಬಂದವಳು ದಿನಾ ತಿನ್ನುತ್ತಿದ್ದೆ, 'ಹಗುರ' ಅಂತ. ಮೂರನೇ ದಿನ ಸಂಜೆ ಐದಕ್ಕೆ ಬಟ್ಟಲು ಖಾಲಿ ಮಾಡಿದೆ. ಆಗ 131 ಇತ್ತು. ಐದೂ ಮುಕ್ಕಾಲಿಗೆ 236. ಅಕ್ಕಿಯನ್ನು ಹುರಿದು ಉಬ್ಬಿಸಿದ್ದು ತಾನೇ ಮಂಡಕ್ಕಿ. ಹಗುರ ಆಗಿರುವುದಕ್ಕೇ ಬೇಗ ಕರಗಿ ಸಕ್ಕರೆ ಆಗುತ್ತದೆ. ಒಂಬತ್ತು ವರ್ಷ ನಾನು ಪಥ್ಯ ಅಂದುಕೊಂಡು ತಿಂದದ್ದು ಅದನ್ನು.

ಬೆಣ್ಣೆ ದೋಸೆ ಇನ್ನೂ ಮೋಸ. ಭಾನುವಾರ ಯಜಮಾನರು 'ಒಂದೇ ದೋಸೆ, ಬಾರೇ' ಅಂದರು. ತಿಂದು ಒಂದು ಗಂಟೆ ಬಿಟ್ಟು ನೋಡಿದೆ, 158. ಹಿಗ್ಗಿಬಿಟ್ಟೆ. 'ಏನ್ರೀ, ಬೆಣ್ಣೆ ದೋಸೆ ನಂಗೆ ಆಗುತ್ತೆ' ಅಂತ ಮಗಳಿಗೂ ಫೋನ್ ಮಾಡಿದೆ. ಅದೇ ಖುಷಿಯಲ್ಲಿ ಮಧ್ಯಾಹ್ನ ಅನ್ನ ಜಾಸ್ತಿ ಬಡಿಸಿಕೊಳ್ಳಲು ಕೂತಾಗ ಇನ್ನೊಮ್ಮೆ ಸ್ಕ್ಯಾನ್ ಮಾಡಿದರೆ 229. ಊಟ ಇನ್ನೂ ಶುರು ಮಾಡಿಲ್ಲ! ಬೆಣ್ಣೆಯ ಕೊಬ್ಬು ಜೀರ್ಣವನ್ನು ನಿಧಾನ ಮಾಡುತ್ತದೆ. ಸಕ್ಕರೆ ಏರುವುದು ತಡವಾಗಿ, ಇಳಿಯುವುದು ಇನ್ನೂ ತಡವಾಗಿ. ಅಂದರೆ ಬೆರಳು ಚುಚ್ಚಿ ಒಂದೇ ಸಲ ನೋಡಿಕೊಂಡು ಪಾಸಾದೆ ಅಂದುಕೊಂಡ ಎಷ್ಟೋ ದಿನ ನಾನು ಪಾಸೇ ಆಗಿರಲಿಲ್ಲ.

ತಿನಿಸಿನ ವಿಷಯ ಹೀಗೆ ಎಷ್ಟಾದರೂ ಬರೆಯಬಹುದು. ಟೀಗೆ ಶುಗರ್‌ಫ್ರೀ ಗುಳಿಗೆ ಹಾಕಿಕೊಂಡು ಅದರ ಜೊತೆ ನಾಲ್ಕು ಮಾರಿ ಬಿಸ್ಕತ್. ರೊಟ್ಟಿ ಒಳ್ಳೇದು ಅಂತ ಎರಡರ ಬದಲು ನಾಲ್ಕು. ಬೆಳಿಗ್ಗೆ ಮೆಂತ್ಯದ ನೀರು ಕುಡಿದಿದ್ದೇನೆ ಅನ್ನುವ ಧೈರ್ಯದ ಮೇಲೆ ಮಧ್ಯಾಹ್ನ ಪಾಯಸ. ಆದರೆ ಗ್ರಾಫ್ ನೋಡನೋಡುತ್ತಾ ನನಗೆ ಕಂಡದ್ದು ತಿನಿಸಿಗಿಂತ ಬೇರೆ ಒಂದು ಚಾಳಿ. ಬೆಳಿಗ್ಗೆ ಒಮ್ಮೆ 220ಕ್ಕೆ ಏರಿದ ದಿನವೆಲ್ಲ, ಮಧ್ಯಾಹ್ನವೂ ಏರಿದೆ, ಸಂಜೆಯೂ ಏರಿದೆ, ರಾತ್ರಿಯೂ ಏರಿದೆ. ಬೆಳಿಗ್ಗೆ ಚೆನ್ನಾಗಿದ್ದ ದಿನ ಹಾಗಿಲ್ಲ. ಯಾಕೆ ಅಂತ ನನಗೆ ಚೆನ್ನಾಗಿ ಗೊತ್ತು. 'ಇವತ್ತು ಹೇಗೂ ಕೆಟ್ಟಿತು, ನಾಳೆಯಿಂದ ನೋಡಿಕೊಳ್ಳೋಣ.' ಸ್ಟಾಫ್ ರೂಮಿನಲ್ಲಿ ಯಾರದೋ ಬರ್ತ್‌ಡೇ ಕೇಕು ಒಂದು ಚೂರು ತಿಂದರೆ, ಆವತ್ತಿನ ರಾತ್ರಿ ಊಟದವರೆಗೆ ಎಲ್ಲಕ್ಕೂ ಮಾಫಿ. ನಾಳೆ ಅನ್ನುವುದು ಸೋಮವಾರ ಆಗುತ್ತಿತ್ತು, ಸೋಮವಾರ ಒಂದನೇ ತಾರೀಖು ಆಗುತ್ತಿತ್ತು. ಒಂದು ಲೆಕ್ಕ ತಪ್ಪಿತು ಅಂತ ಉಳಿದ ಹತ್ತು ಲೆಕ್ಕ ಬಿಟ್ಟು ಎದ್ದು ಹೋಗುವ ಹುಡುಗನನ್ನು ನಾನು ಕ್ಲಾಸಿನಲ್ಲಿ ಸುಮ್ಮನೆ ಬಿಡುತ್ತೇನಾ?

ಮಾತ್ರೆಯದ್ದೂ ಹೇಳಬೇಕು, ನಾಚಿಕೆ ಆದರೂ. ಮೆಟ್‌ಫಾರ್ಮಿನ್ ಜೊತೆಗೆ ನನಗೆ ಗ್ಲಿಮಿಪಿರೈಡ್ ಇತ್ತು. ರಿಪೋರ್ಟ್ ಚೆನ್ನಾಗಿ ಬಂದ ವಾರ ನಾನೇ ಅರ್ಧ ಮಾಡಿಕೊಳ್ಳುತ್ತಿದ್ದೆ. ಹೋಳಿಗೆ ತಿಂದ ದಿನ ನಾನೇ ಒಂದು ಜಾಸ್ತಿ ನುಂಗುತ್ತಿದ್ದೆ. ಉಪವಾಸದ ದಿನ ಮಾತ್ರ ಶ್ರದ್ಧೆಯಿಂದ ಪೂರ್ತಿ ಡೋಸು, ದೇವರ ದಿನ ತಪ್ಪಿಸಬಾರದು ಅಂತ!

ಆ 14 ದಿನದ ನಡುವೆ ಸಂಕಷ್ಟಿ ಬಂತು. ಚಂದ್ರ ಕಾಣುವವರೆಗೆ ನಾನು ಏನೂ ತಿನ್ನುವುದಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿ ಸ್ಕೂಲಿಗೆ ಹೋದೆ. ಪ್ರತಿ ಸಂಕಷ್ಟಿಗೂ ಮಧ್ಯಾಹ್ನ ಮೂರರ ಹೊತ್ತಿಗೆ ಕೈ ನಡುಗುತ್ತದೆ, ಬೆವರುತ್ತದೆ, ಮಕ್ಕಳ ಮೇಲೆ ರೇಗುತ್ತೇನೆ. ಉಪವಾಸದ ನಿಶ್ಶಕ್ತಿ ಅಂದುಕೊಂಡಿದ್ದೆ. ಅವತ್ತು ಬೋರ್ಡಿನ ಮೇಲೆ ತ್ರಿಕೋನ ಬರೆಯುವಾಗ ಚಾಕ್‌ಪೀಸ್ ಕೈಯಿಂದ ಜಾರಿತು. ಮೂಲೆಗೆ ಹೋಗಿ ಸ್ಕ್ಯಾನ್ ಮಾಡಿದೆ. 58, ಪಕ್ಕದಲ್ಲಿ ಕೆಳಮುಖದ ಬಾಣ. ಯಾವ ಮಗ್ಗುಲಿಗೂ ಮಲಗಿರಲಿಲ್ಲ. ಗ್ಲಿಮಿಪಿರೈಡ್ ಹೊಟ್ಟೆ ಖಾಲಿ ಇದೆಯೋ ತುಂಬಿದೆಯೋ ನೋಡುವುದಿಲ್ಲ, ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಬಿಸಿಯೂಟದ ಅಕ್ಕ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ತಂದುಕೊಟ್ಟರು. 'ವ್ರತ ಮುರೀತು ಅಂತ ಅಳಬ್ಯಾಡ್ರೀ ಮೇಡಂ, ಮೊದ್ಲು ಕುಡೀರಿ' ಅಂದರು. 15 ನಿಮಿಷಕ್ಕೆ 84. ಅಲ್ಲಿಗೆ ನಿಲ್ಲಿಸಬೇಕಿತ್ತು. ಮನೆಗೆ ಬಂದು, ಹೆದರಿಕೆಗೆ ಅರ್ಧ, ವ್ರತ ಹೇಗೂ ಹೋಯಿತು ಅಂತ ಅರ್ಧ, ಸಾಬೂದಾನಿ ಖಿಚಡಿ, ಬಾಳೆಹಣ್ಣು, ಆಮೇಲೆ ಮೋದಕ. ರಾತ್ರಿ ಒಂಬತ್ತಕ್ಕೆ 271. 58 ಮತ್ತು 271ರ ಸರಾಸರಿ 164.5. ರಿಪೋರ್ಟಿನಲ್ಲಿ ನೋಡಿದರೆ ಪರವಾಗಿಲ್ಲ ಅನ್ನಿಸುವ ಅಂಕಿ. ಎಷ್ಟು ವರ್ಷ ಇಂಥ ಎಷ್ಟು ಸಂಕಷ್ಟಿ ಮಾಡಿದ್ದೇನೋ.

ಸೆನ್ಸರ್ ನನಗೆ ಒಳ್ಳೆಯದನ್ನೇ ಮಾಡಿತು ಅಂದುಕೊಳ್ಳಬೇಡಿ. ಸಂಕಷ್ಟಿ ಮಾರನೇ ದಿನದಿಂದ ನನಗೆ ಹುಚ್ಚು ಹಿಡಿಯಿತು. ದಿನಕ್ಕೆ ನಲವತ್ತು ಸಲ ಸ್ಕ್ಯಾನ್. 'ಏನೇ, ಮತ್ತೆ ಬೀಪಾ?' ಅಂತ ಯಜಮಾನರು ಹಾಸಿಗೆಯಲ್ಲೇ ಗೊಣಗಿದರು. ಗೆರೆ ಚಪ್ಪಟೆ ಬರಲಿ ಅಂತ ಮೂರು ದಿನ ಸೌತೇಕಾಯಿ, ಮಜ್ಜಿಗೆ, ಎರಡು ಚಮಚ ಪಲ್ಯ. ಗೆರೆ ಬಂತು ನೋಡಿ, ಸ್ಕೇಲ್ ಇಟ್ಟು ಎಳೆದ ಹಾಗೆ. ಮಗಳಿಗೆ ಫೋಟೋ ಕಳಿಸಿದೆ. 'ಅಮ್ಮ, ಇದು ಮತ್ತೆ ಪರೀಕ್ಷೆಗೆ ಓದೋದೇ' ಅಂತ ಉತ್ತರ ಬಂತು. ನಾಲ್ಕನೇ ದಿನ ನಮ್ಮ ಮೈದುನನ ಮಗನ ಮದುವೆ.

ಈ ಮಾದರಿಯ ಸೆನ್ಸರ್ ತನ್ನೊಳಗೆ 8 ಗಂಟೆಯ ಅಂಕಿ ಮಾತ್ರ ಇಟ್ಟುಕೊಳ್ಳುತ್ತದೆ. 8 ಗಂಟೆಯೊಳಗೆ ಸ್ಕ್ಯಾನ್ ಮಾಡದಿದ್ದರೆ ಹಳೆಯದು ಅಳಿಸಿಹೋಗಿ, ಗ್ರಾಫಿನಲ್ಲಿ ಅಷ್ಟು ಜಾಗ ಖಾಲಿ. ಎಚ್ಚರ ಇರಲಿ ಅಂತ ಮಗಳು ಹೇಳಿಕೊಟ್ಟಿದ್ದಳು. ಛತ್ರದಲ್ಲಿ ಎಲೆ ಮುಂದೆ ಕೂತಾಗ ಗಂಟೆ ಹನ್ನೆರಡೂವರೆ. ಒಬ್ಬರು ಹೋಳಿಗೆ ಹಿಡಿದು ಬಂದರು, ಹಿಂದೆಯೇ ತುಪ್ಪದವರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಏರಿದ್ದು ಮೂರೂವರೆ ಹೊತ್ತಿಗೆ ಇಳಿಯಬಹುದು. ಮೂರೂವರೆಗೆ ಎಂಟು ಸೇರಿಸಿದರೆ ರಾತ್ರಿ ಹನ್ನೊಂದೂವರೆ. ಅಲ್ಲಿಯವರೆಗೆ ಫೋನ್ ತೋಳಿನ ಹತ್ತಿರ ತರದಿದ್ದರೆ ಈ ಊಟ ನಡೆದೇ ಇಲ್ಲ. ಎರಡು ಹೋಳಿಗೆ, ಚಿರೋಟಿ, ಬಿಸಿ ಅನ್ನ ಸಾರು, ಕೊನೆಗೆ ಹಾಕಿಸಿಕೊಂಡ ಇನ್ನರ್ಧ ಹೋಳಿಗೆ. ಫೋನ್ ಬ್ಯಾಗಿನಲ್ಲಿ. ರಾತ್ರಿ ನಿದ್ದೆ ತಡೆದುಕೊಂಡು ಕೂತು, ಹನ್ನೊಂದು ಮೂವತ್ತೈದಕ್ಕೆ ಸ್ಕ್ಯಾನ್ ಮಾಡಿ ಮಲಗಿದೆ.

5 ಸಾವಿರ ಕೊಟ್ಟು ತಂದ ಯಂತ್ರದಿಂದ ನಾನು ಊಟ ಬಚ್ಚಿಟ್ಟೆ. ಅದನ್ನು ನೋಡಬೇಕಾದವಳೂ ನಾನೇ.

ಡಾಕ್ಟರ್ 14 ದಿನದ ಪ್ರಿಂಟ್ ಹರಡಿಕೊಂಡರು. 70ರಿಂದ 180ರ ನಡುವೆ ಎಷ್ಟು ಹೊತ್ತು ಇತ್ತು ಅಂತ ಮೊದಲು ನೋಡುತ್ತಾರೆ. ಸಾಮಾನ್ಯವಾಗಿ ನೂರಕ್ಕೆ 70 ಭಾಗಕ್ಕಿಂತ ಜಾಸ್ತಿ ಇರಬೇಕಂತೆ. ನನ್ನದು 54, ಆ ಸೌತೇಕಾಯಿ ದಿನಗಳನ್ನೂ ಸೇರಿಸಿ. ಆಮೇಲೆ ಅವರ ಪೆನ್ನು ಖಾಲಿ ಜಾಗದ ಮೇಲೆ ನಿಂತಿತು. 'ಇಲ್ಲಿ ಸೆನ್ಸರ್ ಕೆಟ್ಟಿತ್ತಾ ಮೇಡಂ?'

'ಮದುವೆ ಇತ್ತು ಡಾಕ್ಟ್ರೇ.'

ಅವರು ನಕ್ಕು, ಪೆನ್ನನ್ನು ಸ್ವಲ್ಪ ಬಲಕ್ಕೆ ಸರಿಸಿದರು. ಮೂರು ಮೂವತ್ತೈದಕ್ಕೆ ಗೆರೆ ಮತ್ತೆ ಶುರುವಾಗಿತ್ತು. 263ರಿಂದ. ಆಗಷ್ಟೇ ಇಳಿಯಲು ಹೊರಟಿತ್ತು. ತುಪ್ಪದ ಲೆಕ್ಕ ನಾನು ಹಾಕಿರಲಿಲ್ಲ.

ಬೈಯಲಿಲ್ಲ ಅವರು. ಸಂಕಷ್ಟಿಯ 58 ನೋಡಿದಾಗ ಮಾತ್ರ ಮುಖ ಗಂಟು ಹಾಕಿದರು. ಮಾತ್ರೆ ಬದಲಿಸಿದರು. ಯಾವುದು, ಎಷ್ಟು ಅಂತ ಬರೆಯುವುದಿಲ್ಲ, ಅದನ್ನು ನೋಡಿ ನೀವು ತಗೊಳ್ಳುವುದು ಬೇಡ. ಉಪವಾಸ ಮಾಡುವುದಿದ್ದರೆ ಮುಂಚೆಯೇ ಫೋನ್ ಮಾಡಿ ಕೇಳಬೇಕು ಅಂದರು. ಈಗ ಸಂಕಷ್ಟಿ ದಿನ ಚಂದ್ರನಿಗೆ ಪೂಜೆ ಇದೆ, ಮಧ್ಯಾಹ್ನ ನನಗೆ ಊಟವೂ ಇದೆ. ಅತ್ತೆ ಎರಡು ತಿಂಗಳು ಮುಖ ಊದಿಸಿಕೊಂಡಿದ್ದರು. ಈಗ ಅವರೇ ತಟ್ಟೆ ಇಡುತ್ತಾರೆ.

ನನಗೆ ತುಂಬ ಹಿಡಿಸಿದ್ದು ಒಂದು ಪ್ರಯೋಗ. ಸೆನ್ಸರ್ ಇದ್ದ ಕೊನೆಯ ಎರಡು ರಾತ್ರಿ ಒಂದೇ ಥರದ ಊಟ ಮಾಡಿದೆ: ಎರಡು ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಅರ್ಧ ಬಟ್ಟಲು ಅನ್ನ. ಮೊದಲ ರಾತ್ರಿ ಊಟ ಮಾಡಿ ಸೀರಿಯಲ್ ಮುಂದೆ ಕೂತೆ. 214ರವರೆಗೆ ಏರಿತು. ಎರಡನೇ ರಾತ್ರಿ ಮೊದಲು ಪಲ್ಯ ತಿಂದು ಆಮೇಲೆ ರೊಟ್ಟಿ, ಊಟ ಆದ ಮೇಲೆ ಮಾಳಿಗೆ ಮೇಲೆ ಇಪ್ಪತ್ತು ನಿಮಿಷ ಓಡಾಡಿದೆ. 169. ಎರಡು ಬದಲಾವಣೆ ಒಟ್ಟಿಗೆ ಮಾಡಿದ್ದರಿಂದ ಯಾವುದರಿಂದ ಎಷ್ಟು ಇಳಿಯಿತು ಅಂತ ಹೇಳಲು ಬರುವುದಿಲ್ಲ. ಗಣಿತ ಮೇಡಂ ಆಗಿ ಹೀಗೆ ಮಾಡಬಾರದಿತ್ತು. ಆದರೆ ಮಾಳಿಗೆಯ ಓಡಾಟ ಆವತ್ತಿಂದ ನಿಂತಿಲ್ಲ. ಮಾರ್ಚ್‌ನ ಎಚ್‌ಬಿಎ1ಸಿ 7.6. ಕೊನೆಯ ತಿಂಗಳ ಸಕ್ಕರೆಗೆ ಆ ಟೆಸ್ಟಿನಲ್ಲಿ ಅರ್ಧದಷ್ಟು ಪಾಲು ಇರುತ್ತದಂತೆ, ಹಾಗಾಗಿ ಈ ಸಲವೂ ಸ್ವಲ್ಪ ಓದಿಕೊಂಡೇ ಹೋಗಿದ್ದೆ ಅಂತ ಒಪ್ಪಿಕೊಳ್ಳುತ್ತೇನೆ. ಎದುರಿನ ಹೋಟೆಲ್ಲಿಗೆ ಹೋಗಲಿಲ್ಲ, ಅಷ್ಟೇ.

ತಗೊಳ್ಳಬೇಕಾ? ಇನ್ಸುಲಿನ್ ತಗೊಳ್ಳುವವರು, ಆಗಾಗ ಸಕ್ಕರೆ ಇಳಿದು ತಲೆ ತಿರುಗುವವರು ಡಾಕ್ಟರ ಹತ್ತಿರ ಖಂಡಿತ ಕೇಳಿ. ಅಂಥವರಿಗೆ ಕೂಗಿ ಎಚ್ಚರಿಸುವ ಮಾದರಿ ಇನ್ನೂ ಒಳ್ಳೆಯದು. ನನ್ನ ಹಾಗೆ ಬರೀ ಮಾತ್ರೆ ಮೇಲಿರುವವರಿಗೆ ತಿಂಗಳು ತಿಂಗಳು ಬೇಕಿಲ್ಲ, ಕಟ್ಟುವುದಕ್ಕೂ ಆಗುವುದಿಲ್ಲ. ದುಡ್ಡಿಲ್ಲದಿದ್ದರೆ ಮನೆಯ ಗ್ಲುಕೋಮೀಟರ್ ಸಾಕು. ಮೂರು ದಿನ, ದಿನಕ್ಕೆ ಏಳು ಸಲ: ಮೂರು ಊಟದ ಮುಂಚೆ, ಎರಡು ಗಂಟೆ ನಂತರ, ಮಲಗುವಾಗ. 21 ಸ್ಟ್ರಿಪ್, ಐನೂರು ರೂಪಾಯಿ ಆಸುಪಾಸು. ಬೆರಳು ಉರಿಯುತ್ತದೆ. ಆದರೆ ಒಳ್ಳೆ ದಿನ ಆರಿಸಿಕೊಂಡು ಚುಚ್ಚಬೇಡಿ. ಯಂತ್ರಕ್ಕೆ ನೂರಕ್ಕೆ 80 ಕೊಡುತ್ತೇನೆ. ಅಂಟಿಗೆ 40. ಆ್ಯಪ್‌ಗೆ 50, ಕನ್ನಡ ಬಂದರೆ ಜಾಸ್ತಿ ಮಾಡುತ್ತೇನೆ.

ಎರಡನೇ ಸೆನ್ಸರ್ ಮಾರ್ಚ್‌ನಲ್ಲೇ ತರಿಸಿದ್ದೇನೆ. ಹಬ್ಬದ ಊಟವನ್ನೂ ಗ್ರಾಫ್ ನೋಡಲಿ, ಯುಗಾದಿ ಹಿಂದಿನ ದಿನವೇ ಅಂಟಿಸಿಕೊಳ್ಳುತ್ತೇನೆ ಅಂದಿದ್ದೆ. 'ನೋಡ್ತಿರು, ಹಬ್ಬ ಆದ ಮೇಲೆ ಅಂತೀಯ' ಅಂದಳು ಮಗಳು. ಯುಗಾದಿ ಮುಗಿದು ಇವತ್ತಿಗೆ ನಾಲ್ಕು ದಿನ. ಡಬ್ಬಿ ಫ್ರಿಡ್ಜ್ ಬಾಗಿಲಲ್ಲಿ, ಉಳಿದ ಹೂರಣದ ಬಟ್ಟಲಿನ ಪಕ್ಕದಲ್ಲೇ ಇದೆ. ಸೀಲ್ ಒಡೆದಿಲ್ಲ.